ಗುರುಸಿದ್ದಪ್ಪ ಕೇಳಿದ ಕ್ಷಮೆ

ಕೊಬ್ಬರಿ ವಾಸನೆ ಬಂದ್ರೆ ಎಲ್ಲರಿಗೂ ಹಬ್ಬ, ಹೋಳಿಗೆ, ಅಜ್ಜಿ ಮನೆ ನೆನಪಾಗುತ್ತಂತೆ. ನನಗೆ ಇಸ್ಪೀಟು ನೆನಪಾಗುತ್ತೆ, ಮೈಯೆಲ್ಲ ಉರಿಯುತ್ತೆ. ಮೊನ್ನೆ ಯಾರದೋ ಮದುವೆಗೆ ಅಂತ ತುಮಕೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ರ ಲಾರಿಯಿಂದ ಕೊಬ್ಬರಿ ಚೀಲ ಇಳಿಸ್ತಿದ್ರು. ಸೋನೆ ಮಳೆ ಬೇರೆ. ಒದ್ದೆ ಗೋಣಿ, ಒಣ ಕೊಬ್ಬರಿ, ಎರಡೂ ಸೇರಿ ಗಮ್ ಅಂತ ಮೂಗಿಗೆ ಹೊಡೀತು. ಜೊತೇಲಿದ್ದ ತಂಗಿ ಮಗಳು, "ಯಾಕ್ ದೊಡ್ಡಮ್ಮ, ಮುಖ ಹಂಗ್ ಮಾಡ್ಕೊಂಡೆ?" ಅಂದಳು. "ಏನಿಲ್ಲ ಬಾರೇ" ಅಂದೆ. ಏನಿಲ್ಲ ಅಂತ ಹೇಳಿ ಹೇಳಿ ತಲೆ ಬೆಳ್ಳಗಾಯ್ತು. ಈಗಲಾದ್ರೂ ಇರೋದನ್ನ ಹೇಳಿಬಿಡ್ತೀನಿ.

ಅದು ಎಪ್ಪತ್ತೆಂಟರ ಮಳೆಗಾಲ. ನಾನಾಗ ತುಮಕೂರಿನ ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್. ಮದುವೆ ಆಗಿರಲಿಲ್ಲ, ಆಗೋ ಆತುರಾನೂ ಇರಲಿಲ್ಲ. ವಕೀಲ ಖಲೀಲ್ ಸಾಹೇಬರ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೆ. ಸಾಹೇಬರಿಗೆ ಬ್ರಿಡ್ಜ್ ಆಟದ ಹುಚ್ಚು. ಕೋರ್ಟು ಮುಗಿಸಿ ಬಂದು, ಕರಿ ಕೋಟು ಬಿಚ್ಚಿ ಮೊಳೆಗೆ ಹಾಕಿದ್ರೆ ಆಯ್ತು, ಮೇಜಿನ ಮೇಲೆ ಇಸ್ಪೀಟೆಲೆ ಬೀಳ್ಬೇಕು. ಅದಕ್ಕೂ ಎರಡು ವರ್ಷ ಮುಂಚೆ ಒಂದು ಸಾಯಂಕಾಲ ಮಳೆ ಹಿಡಿದು ನಾಲ್ಕನೆಯವರು ಬರಲೇ ಇಲ್ಲ. ಸಾಹೇಬರು ಮೆಟ್ಟಿಲ ಕೆಳಗೆ ನಿಂತು, "ಬೇಟಿ, ನೀನು ಲೆಕ್ಕದ ಮೇಷ್ಟ್ರಲ್ವಾ? ಕೆಳಗೆ ಬಾ, ಐವತ್ತೆರಡರ ಲೆಕ್ಕ ಮಾಡೋಣ" ಅಂತ ಕೂಗಿದ್ರು. ಹೋದೆ. ಅವರ ಹೆಂಡತಿ ಫಾತಿಮಾ ಆಪಾ ಕೊಟ್ಟ ಶುಂಠಿ ಟೀ ಕುಡೀತಾ ಕಲಿತೆ. ಎರಡು ವರ್ಷದಲ್ಲಿ ಸಾಹೇಬರನ್ನೇ ಸೋಲಿಸೋ ಹಂಗಾದೆ. ಅವರು ಸೋತಾಗ ಆಪಾ ಒಳಗಿಂದ ನಗೋರು.

ಬ್ರಿಡ್ಜ್ ಅಂದ್ರೆ ಬೀದಿ ಬದೀಲಿ ಟವಲ್ ಹಾಸ್ಕೊಂಡು ಆಡೋ ಆಟ ಅಲ್ಲ, ಇದನ್ನ ಮೊದಲೇ ಹೇಳಿಬಿಡ್ಬೇಕು. ನಾಲ್ಕು ಜನ, ಎರಡು ಜೋಡಿ. ನಿಮ್ಮ ಜೋಡಿಯೋನು ನಿಮ್ಮ ಎದುರಿಗೆ ಕೂತಿರ್ತಾನೆ. ಅವನ ಕೈಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ, ನಿಮ್ಮದು ಅವನಿಗೆ ಗೊತ್ತಿಲ್ಲ. ಇಷ್ಟು ಸುತ್ತು ಗೆಲ್ತೀವಿ ಅಂತ ಸರದಿ ಪ್ರಕಾರ ಕೂಗಬೇಕು. ಆ ಕೂಗಿನಲ್ಲೇ, ಹಾಕಿದ ಎಲೆಯಲ್ಲೇ ಒಬ್ಬರಿಗೊಬ್ಬರು ವಿಷಯ ತಿಳಿಸಬೇಕು. ಅದು ಬಿಟ್ಟು ಕೆಮ್ಮಿದ್ರೂ ಕಳ್ಳತನ, ಹುಬ್ಬು ಹಾರಿಸಿದ್ರೂ ಕಳ್ಳತನ. ಟೂರ್ನಮೆಂಟಿನಲ್ಲಿ ಅದೇ ಎಲೆಗಳನ್ನ ಬೇರೆ ಮೇಜಿನಲ್ಲಿ ಬೇರೆಯವರೂ ಆಡ್ತಾರೆ. ಹಂಗಾಗಿ ಒಳ್ಳೆ ಎಲೆ ಬಂತು, ಗೆದ್ದೆ ಅನ್ನೋ ಮಾತೇ ಇಲ್ಲ. ಆಡೋಕೆ ಬರೋರು ಗೆಲ್ತಾರೆ, ಅಷ್ಟೆ.

ನನ್ನ ಜೋಡಿ ಗುಬ್ಬಿಯ ಕೊಬ್ಬರಿ ಮಂಡಿ ಗುರುಸಿದ್ದಪ್ಪ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಿಳಿ ಜುಬ್ಬ, ಹಣೆ ತುಂಬ ವಿಭೂತಿ, ಎತ್ತರದ ಆಳು. ಮಂಡಿ ಬಾಗಿಲು ಹಾಕಿ ಸೀದಾ ಬಸ್ಸು ಹತ್ತಿ ಬರೋರು, ಜುಬ್ಬದಲ್ಲಿ ಕೊಬ್ಬರಿ ವಾಸನೆ. ಅವರು ಮುಟ್ಟಿದ ಎಲೆಗೂ ಅದೇ ವಾಸನೆ. ಖಲೀಲ್ ಸಾಹೇಬರು, "ಗುರುಸಿದ್ದಪ್ಪ, ಈ ಪ್ಯಾಕು ಹಳೇದಾದ್ರೆ ಎಣ್ಣೆ ತೆಗೀಬೋದು ಕಣಯ್ಯ" ಅಂತ ರೇಗಿಸೋರು. ಮಾತು ಕಮ್ಮಿ, ಆಟ ಚೊಕ್ಕ. ಸೋತರೆ ಎದುರಿಗಿರೋರ ಮೇಲೆ ಹಾರಾಡೋ ಗಂಡಸರನ್ನ ಎಷ್ಟೋ ನೋಡಿದೀನಿ. ಇವರು ಹಾಗಲ್ಲ. ನಾನು ತಪ್ಪು ಎಲೆ ಹಾಕಿದ್ರೂ, "ಹೋಗ್ಲಿ ಬುಡಿ ಮೇಡಮ್ಮೋರೆ, ಮುಂದಿನದು ನೋಡಾಣ" ಅನ್ನೋರು. ಆ ಮಾತಿಗೆ ನಾನು ಮಾರುಹೋಗಿದ್ದೆ ಅಂದ್ರೂ ತಪ್ಪಿಲ್ಲ. ಬೇರೆ ಅರ್ಥ ಕಟ್ಟಬೇಡಿ, ಅಂಥಾದ್ದೇನೂ ಇರಲಿಲ್ಲ. ನಂಬಿದ್ದೆ, ಅಷ್ಟೆ.

ಅವರಿಗೊಂದು ಅಭ್ಯಾಸ. ಎಲೆ ಎತ್ಕೊಳ್ಳೋ ಮುಂಚೆ ಒಂದ್ಸಲ, ಕೂಗು ಮುಗಿದು ಆಟ ಶುರುವಾಗೋ ಮುಂಚೆ ಇನ್ನೊಂದ್ಸಲ, ಜುಬ್ಬದ ಮೇಲಿಂದ ಎದೆ ಮೇಲಿನ ಕರಡಿಗೆ ಮುಟ್ಕೊಳ್ಳೋರು. ಅದೇ, ಲಿಂಗ ಇಟ್ಟಿರೋ ಬೆಳ್ಳಿ ಕರಡಿಗೆ. ತಕ್ಕಡಿ ಎತ್ತೋ ಮುಂಚೆ, ಬಸ್ಸು ಹತ್ತೋ ಮುಂಚೆ, ಊಟಕ್ಕೆ ಕೈ ಹಾಕೋ ಮುಂಚೆ, ಎಲ್ಲಕ್ಕೂ ಹಂಗೇ. ನಮ್ಮ ಕಡೆ ಅಂಗಡಿಗೆ ಹತ್ತು ಜನ ಹಾಗೆ ಮುಟ್ಕೊಳ್ಳೋರು ಸಿಗ್ತಾರೆ, ಯಾರೂ ತಿರುಗಿ ಕೂಡ ನೋಡಲ್ಲ.

ಎಪ್ಪತ್ತೆಂಟರಲ್ಲಿ ನಾವು ಆಡಿದ್ದೇ ಆಟ. ಟೀಮಿಗೆ ನಾಲ್ಕು ಜನ: ಒಂದು ಮೇಜಿಗೆ ನಾನು, ಗುರುಸಿದ್ದಪ್ಪ, ಇನ್ನೊಂದಕ್ಕೆ ಖಲೀಲ್ ಸಾಹೇಬರು, ಕುಣಿಗಲ್ಲಿನ ದನದ ಡಾಕ್ಟರು ರಾಮಣ್ಣ. ಹಾಸನದಲ್ಲಿ ಗೆದ್ವಿ, ಮೈಸೂರಲ್ಲಿ ಗೆದ್ವಿ. ಮೈಸೂರಲ್ಲಿ ಕಪ್ಪು ಕೊಡೋವಾಗ ಯಾರೋ ದೊಡ್ಡ ಮನುಷ್ಯ, "ತುಮಕೂರಲ್ಲೂ ಬ್ರಿಡ್ಜ್ ಆಡ್ತಾರಾ?" ಅಂದ. ಸಾಹೇಬರು ಸುಮ್ಮನಿರ್ತಾರಾ? "ಇಲ್ಲ ಸಾರ್, ಇವತ್ತು ಬೆಳಿಗ್ಗೆ ಬಸ್ಸಲ್ಲಿ ಕಲಿತ್ವಿ" ಅಂದ್ರು.

ಭಾನುವಾರ ಬಂತು ಅಂದ್ರೆ ರಾಮಣ್ಣನವರ ಜೀಪಿನಲ್ಲಿ ಮಾರ್ಕೋನಹಳ್ಳಿ ಡ್ಯಾಮಿಗೆ. ಅಲ್ಲಿ ಸರ್ಕಾರಿ ಬಂಗಲೆಯ ಜಗಲಿ ಮೇಲೆ ಕೂತು ಇಡೀ ಹಗಲು ಅಭ್ಯಾಸ. ಆ ವರ್ಷ ಕೆರೆ ತುಂಬಿ ನೀರು ಭೋರ್ ಅಂತ ಬೀಳ್ತಿತ್ತು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸ್ತಿರಲಿಲ್ಲ. ಆಪಾ ಕಟ್ಟಿಕೊಟ್ಟ ಕೈಮಾ ಸಾಹೇಬರಿಗೂ ಡಾಕ್ಟರಿಗೂ. ನಮ್ಮಿಬ್ಬರಿಗೆ ಗುಬ್ಬಿಯಿಂದ ಬಂದ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದ್ಸಲ ಬಲು ಕಷ್ಟದ ಆಟ, ಒಂದು ಮಾತಿಲ್ಲದೆ ನಾವಿಬ್ರೂ ಸರಿಯಾದ ಎಲೆ ಹಾಕಿ ಗೆದ್ವಿ. ಗುರುಸಿದ್ದಪ್ಪ ಎಲೆ ಕೆಳಗಿಟ್ಟು, "ಮೇಡಮ್ಮೋರೆ, ನಮ್ಮನೇಲಿ ಒಡಹುಟ್ಟಿದೋರ ಮೇಲೂ ನನಗೆ ಇಷ್ಟು ನಂಬಿಕೆ ಇಲ್ಲ" ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತು. ಈಗ ನೆನೆಸ್ಕೊಂಡ್ರೆ ನನ್ನ ಮೇಲೇ ನಗು ಬರುತ್ತೆ.

ಶ್ರಾವಣ ಕಳೆದ ಮೇಲೆ ಬೆಂಗಳೂರಿನಲ್ಲಿ ದೊಡ್ಡ ಟೂರ್ನಮೆಂಟು. ಅದರಲ್ಲಿ ಗೆದ್ದವರು ರಾಜ್ಯದ ಟೀಮಿಗೆ, ಅಲ್ಲಿಂದ ದೇಶದ ಪಂದ್ಯಕ್ಕೆ ಅಂತ ಕಲ್ಕತ್ತಾಕ್ಕೆ. ನನಗೆ ಬೇಕಿದ್ದಿದ್ದು ಅದೊಂದೇ. ಸೀರೆ, ಬಂಗಾರ ಏನೂ ಕೇಳಿದವಳಲ್ಲ. ರಾಜ್ಯಕ್ಕೆ ಆಡಬೇಕು, ಮೋಸ ಮಾಯ ಇಲ್ಲದೆ ಬರೀ ತಲೆ ಉಪಯೋಗಿಸಿ ಆಡಬೇಕು, ತುಮಕೂರಿನ ಹೆಂಗಸೊಬ್ಬಳು ಬಂದಿದ್ಲು ಅಂತ ನಾಲ್ಕು ಜನ ಹೇಳಬೇಕು. ಹಗಲೂ ರಾತ್ರಿ ಅದೇ ಜಪ.

ಕೊನೆ ದಿನ ನಮ್ಮ ಮೇಜಿಗೆ ಬಂದೋನು ಒಬ್ಬ ರಿಟೈರ್ಡ್ ಕರ್ನಲ್. ಆ ಊರಿನ ಬ್ರಿಡ್ಜಿಗೆಲ್ಲ ಅವನೇ ಪಾಳೇಗಾರ. ಗಿರಿಜಾ ಮೀಸೆ, ಬಾಯಲ್ಲಿ ಪೈಪು. ನನ್ನನ್ನ ನೋಡಿ, "ಲೇಡಿ ಪಾರ್ಟ್ನರ್! ಹೌ ನೈಸ್" ಅಂದ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಆಟ ಸಮಸಮ ನಡೀತಿತ್ತು. ಆಗ ಅವನು ಹದಿಮೂರರಲ್ಲಿ ಹನ್ನೆರಡು ಸುತ್ತು ಗೆಲ್ತೀನಿ ಅಂತ ಕೂಗಿಬಿಟ್ಟ, ಸ್ಪೇಡು ತುರುಫು. ಮೊದಲ ಎಲೆ ನನ್ನದು.

ನನ್ನ ಹತ್ರ ಡೈಮಂಡಿನ ರಾಜ ಇದ್ದ. ರಾಜನ ಕೆಳಗಿನ ಚಿಕ್ಕ ಎಲೆ ಹಾಕೋದು ಅಪಾಯ, ಎಕ್ಕ ಅವರ ಹತ್ರ ಇದ್ರೆ ನನ್ನ ರಾಜ ಬಲಿ. ಯಾರೂ ಹಾಕಲ್ಲ. ಆದ್ರೆ ನಾನು ಕೂತು ಯೋಚನೆ ಮಾಡಿದೆ. ಎಕ್ಕ ಎಷ್ಟಿವೆ ಅಂತ ಕರ್ನಲ್ ತನ್ನ ಜೋಡಿಯನ್ನ ಕೇಳಲೇ ಇಲ್ಲ, ಜಂಬಕ್ಕೆ ಒಂದೇ ಸಲ ನೆಗೆದುಬಿಟ್ಟ. ಉಳಿದ ಮೂರು ಬಣ್ಣಾನೂ ಅವರಿಬ್ಬರ ಬಾಯಲ್ಲಿ ಬಂತು, ಡೈಮಂಡ್ ಮಾತ್ರ ಬರಲಿಲ್ಲ. ಅವನ ಜೋಡಿಯ ಹತ್ರ ಕ್ಲಾವರ್ ರಾಶಿ ಇದೆ; ಈಗ ಬಿಟ್ಟರೆ ಅದರ ಮೇಲೆ ತನ್ನ ಸೋಲೋ ಡೈಮಂಡೆಲ್ಲ ಎಸೆದುಬಿಡ್ತಾನೆ. ಅಂದಮೇಲೆ ಹಾಕೋದಾದ್ರೆ ಈಗಲೇ. ಚಿಕ್ಕ ಡೈಮಂಡ್ ಹಾಕಿದೆ. ಗುರುಸಿದ್ದಪ್ಪ ಎಕ್ಕ ಇಟ್ರು, ತಿರುಗಿ ಡೈಮಂಡೇ ಹಾಕಿದ್ರು, ನನ್ನ ರಾಜ ಗೆದ್ದ. ಎರಡು ಸುತ್ತಲ್ಲಿ ಕರ್ನಲ್ ಕಥೆ ಮುಗೀತು. ಆಹಾ, ಆ ಕ್ಷಣ! ನಾವು ಗೆದ್ದಿದ್ವಿ.

ಕರ್ನಲ್ ಪೈಪು ಕೆಳಗಿಟ್ಟ. ಎದ್ದು ನಿಂತು, "ಆ ಎಲೆ ಯಾರೂ ಹಾಕಲ್ಲ. ಈ ಮನುಷ್ಯ ಎದೆ ಮುಟ್ಕೊಂಡ, ತಕ್ಷಣ ಈಕೆ ಡೈಮಂಡ್ ಹಾಕಿದ್ಲು. ಇದು ಸನ್ನೆ" ಅಂದ. ಸುತ್ತ ಮೇಜಿನೋರೆಲ್ಲ ತಿರುಗಿದ್ರು. ನನಗೆ ನಗು ಬಂತು, ನಿಜವಾಗ್ಲೂ. ಇದೇನು ಮಹಾ, ಕರಡಿಗೆ ಅಂತ ಹೇಳಿದ್ರೆ ಮುಗೀತಲ್ಲ ಅಂದ್ಕೊಂಡೆ.

ಕಮಿಟಿಯೋರು ಒಂದು ರೂಮಲ್ಲಿ ಕೂತು ನಮ್ಮನ್ನ ಒಬ್ಬೊಬ್ಬರಾಗಿ ಕರೆದ್ರು. ಮೊದಲು ನಾನು. ಬೋರ್ಡಿನ ಮುಂದೆ ಪಾಠ ಮಾಡೋ ಹಂಗೆ ಮಾಡಿದೆ. ಯಾಕೆ ಡೈಮಂಡ್ ಹಾಕಿದೆ ಅಂತ ಹಂತ ಹಂತವಾಗಿ ಹೇಳಿದೆ. ಕರಡಿಗೆ ಅಂದ್ರೇನು ಅಂತಾನೂ ಹೇಳಿದೆ. ಅವರಲ್ಲೊಬ್ಬರು ತಲೆ ಆಡಿಸಿ, "ಲೆಕ್ಕ ಸರಿಯಾಗಿದೆಯಮ್ಮ" ಅಂದ್ರು. "ನಿಮ್ಮ ಪಾರ್ಟ್ನರ್ ಕೂಡ ಇದನ್ನೇ ಹೇಳಿದ್ರೆ ಮುಗೀತು" ಅಂದ್ರು. ನಾನು ಆರಾಮಾಗಿ ಹೊರಗೆ ಬಂದೆ.

ಆಮೇಲೆ ಗುರುಸಿದ್ದಪ್ಪ ಒಳಗೆ ಹೋದ್ರು. ಬೇಗನೇ ಬಂದ್ರು. ಟವಲಲ್ಲಿ ಮುಖ ಒರೆಸ್ಕೊಂಡು, ಹಗುರಾಗಿ, "ಬಗೆಹರೀತು ಮೇಡಮ್ಮೋರೆ" ಅಂದ್ರು.

"ಕರಡಿಗೆ ವಿಷಯ ಹೇಳಿದ್ರಾ?"

"ಅದೆಲ್ಲ ಯಾಕೆ, ದೇವರನ್ನ ಈ ಪಂಚಾಯ್ತಿಗೆ ಎಳೆಯೋದು. ತಪ್ಪಾಯ್ತು, ಕ್ಷಮಿಸಿಬುಡಿ ಅಂದೆ. ಮುಗೀತು."

ನನ್ನ ಕಿವಿ ನಾನೇ ನಂಬಲಿಲ್ಲ. "ಏನ್ ತಪ್ಪಾಯ್ತು? ಏನ್ರೀ ತಪ್ಪಾಯ್ತು?"

"ಮುಟ್ಕೊಂಡಿದ್ದು ಹೌದಲ್ವಾ? ಮೇಡಂಗೆ ಅದರ ಅರ್ಥ ಗೊತ್ತಿತ್ತಾ ಅಂತ ಕೇಳಿದ್ರು. ಜೊತೇಲಿ ಆಡ್ತಾ ಆಡ್ತಾ ಗೊತ್ತಾಗಿರ್ತದೆ ಸ್ವಾಮಿ ಅಂದೆ. ದೊಡ್ಡ ಜನ, ಅವರ ಹತ್ರ ವಾದ ಯಾಕೆ?"

ಮಂಡಿಯಲ್ಲಿ ನಡೆಯೋದೇ ಹಾಗಂತೆ. ತೂಕದಲ್ಲಿ ಜಗಳ ಬಂದ್ರೆ, ತಪ್ಪು ಯಾರದ್ದೇ ಇರಲಿ, ಒಬ್ಬ ಕೈ ಮುಗಿದು "ತಪ್ಪಾಯ್ತು ಯಜಮಾನ್ರೆ" ಅಂತಾನೆ. ಇಬ್ಬರೂ ಎಲೆ ಅಡಿಕೆ ಹಾಕ್ಕೋತಾರೆ, ನಾಳೆ ಮತ್ತೆ ವ್ಯಾಪಾರ. ಆದ್ರೆ ಇದು ಕೊಬ್ಬರಿ ತೂಕ ಅಲ್ಲವಲ್ಲ! ಸನ್ನೆ ಅನ್ನೋದನ್ನ ಒಬ್ಬರೇ ಮಾಡೋಕಾಗಲ್ಲ. ಒಬ್ಬ ಕೊಡಬೇಕು, ಇನ್ನೊಬ್ಬ ತಗೋಬೇಕು. ಅವನು ಕೊಟ್ಟೆ ಅಂತ ಒಪ್ಕೊಂಡ್ರೆ ನಾನು ತಗೊಂಡೆ ಅಂತಾನೇ ಆಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಕದ್ದೋನು ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಮ್ಮಲ್ಲಿ ಕುಂಬಳಕಾಯಿನೇ ಕದ್ದಿರಲಿಲ್ಲ. ಈ ಪುಣ್ಯಾತ್ಮ ತನ್ನ ಹೆಗಲೂ ಮುಟ್ಕೊಂಡ, ನನ್ನ ಹೆಗಲೂ ಮುಟ್ಟಿ ತೋರಿಸಿಬಂದ.

ತೀರ್ಪು ಬಂತು. ಗೆಲುವು ರದ್ದು. ತಪ್ಪು ಒಪ್ಕೊಂಡು ಕ್ಷಮೆ ಕೇಳಿದ್ದರಿಂದ ಗುರುಸಿದ್ದಪ್ಪನವರಿಗೆ ಎಚ್ಚರಿಕೆ. ಒಪ್ಕೊಳ್ಳದೆ ವಾದ ಮಾಡಿದ್ದರಿಂದ ನಾನು ಮೂರು ವರ್ಷ ಆಡೋ ಹಾಗಿಲ್ಲ. ನಿಜ ಹೇಳಿದವಳಿಗೆ ಶಿಕ್ಷೆ, ಸುಳ್ಳು ಹೇಳಿದವನಿಗೆ ಬೆನ್ನು ತಟ್ಟೋದು. ವಾಪಸ್ ಬರೋವಾಗ ಬಸ್ಸಿನಲ್ಲಿ ಗುರುಸಿದ್ದಪ್ಪ ಮುಂದಿನ ಸೀಟಲ್ಲಿ ಕೂತಿದ್ರು. ನೆಲಮಂಗಲ ಬರೋ ಹೊತ್ತಿಗೆ ನಿದ್ದೆ ಹೋದ್ರು. ಗೊರಕೆ ಬೇರೆ.

ಸುದ್ದಿ ನನಗಿಂತ ಮುಂಚೆ ತುಮಕೂರು ಮುಟ್ಟಿತ್ತು. ಪ್ರಿನ್ಸಿಪಾಲರು ಕರೆದು, "ಇಸ್ಪೀಟಾಡೋದೇ ಒಂದು, ಅದರಲ್ಲೂ ಮೋಸ ಬೇರೆನಾಮ್ಮ?" ಅಂದ್ರು. ಸ್ಟಾಫ್ ರೂಮಲ್ಲಿ ಇನ್ನೂ ರುಚಿಯಾಗಿ ಮಾತಾಡ್ಕೊಂಡ್ರು: ಮದುವೆ ಆಗದ ಹೆಣ್ಣು, ಗುಬ್ಬಿ ಸಾಹುಕಾರ, ಇಬ್ಬರ ಮಧ್ಯೆ ಸನ್ನೆ! ಕೇಳಬೇಕಾ? ನಾನು ಪಾಠ ಮಾಡೋಕೆ ಹೋದ್ರೆ ಹಿಂದಿನ ಬೆಂಚಿನ ಹುಡುಗರು ಎದೆ ಮುಟ್ಕೊಂಡು ಕಿಸಿಕಿಸಿ ನಗೋರು. ನಾನು ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಮುರಿಯೋ ಹಂಗೆ ಬರೀತಾ ನಿಂತಿರ್ತಿದ್ದೆ.

ತಡೆಯೋಕಾಗದೆ ಒಂದು ದಿನ ಸಾಹೇಬರನ್ನ ಕರ್ಕೊಂಡು ಗುಬ್ಬಿ ಮಂಡಿಗೆ ಹೋದೆ. ಗುರುಸಿದ್ದಪ್ಪ ಎದ್ದು ಬಂದು ಕುರ್ಚಿ ಹಾಕಿಸಿದ್ರು, ಎಳನೀರು ತರಿಸಿದ್ರು. ನಾನು ಮುಟ್ಟಲಿಲ್ಲ.

"ಗುರುಸಿದ್ದಪ್ಪನೋರೆ, ನಾನು ಮೋಸ ಮಾಡಿಲ್ಲ ಅನ್ನೋಕೆ ಈ ಪ್ರಪಂಚದಲ್ಲಿ ನನಗಿರೋದು ಒಬ್ಬರೇ ಸಾಕ್ಷಿ. ಅದು ನೀವು. ಬೆಂಗಳೂರಿಗೆ ಬಂದು ಒಂದೇ ಒಂದು ಮಾತು ಹೇಳಿ. ಆಟ ಬೇಡ, ಕಪ್ಪು ಬೇಡ, ಏನೂ ಬೇಡ."

ಅವರು ನೆಲ ನೋಡ್ತಾ ಕೂತ್ರು. "ಈಗ ಹೋಗಿ ಹಂಗಂದ್ರೆ, ಅವತ್ತು ನಾನು ಸುಳ್ಳು ಹೇಳ್ದೆ ಅಂತ ಆಗಲ್ವಾ? ನನ್ನ ಮಾತಿಗೆ ಬೆಲೆ ಇರ್ತದಾ? ವ್ಯಾಪಾರಸ್ಥ ನಾನು."

"ನನ್ನ ಮಾನ?"

"ನಿಮಗೇನ್ ಮೇಡಮ್ಮೋರೆ, ಸರ್ಕಾರದ ಸಂಬಳ ಬರ್ತದೆ. ಒಂದು ಆಟ ತಾನೆ? ನಾಲ್ಕು ದಿನ ಮಾತಾಡ್ತಾರೆ, ಮರೀತಾರೆ."

ಸಾಹೇಬರಿಗೆ ರೇಗಿಹೋಯ್ತು. "ಗುರುಸಿದ್ದಪ್ಪ, ನಂಬಿದೋರ ಕತ್ತು ಕುಯ್ದೆ ಕಣಯ್ಯ" ಅಂದ್ರು. ಅವರು ಅದಕ್ಕೂ ಕೈ ಮುಗಿದು, "ತಪ್ಪಾಯ್ತು ಸಾಹೇಬರೆ" ಅಂದ್ರು! ನಾನು ಎದ್ದು ಬಂದುಬಿಟ್ಟೆ. ಅವತ್ತಿಗೆ 'ಅವರು' ಅನ್ನೋದನ್ನೂ ಬಿಟ್ಟೆ. ಇಲ್ಲೀತನಕ ಹಾಗೆ ಬರೆದಿದ್ದು, ನೀವು ನನ್ನನ್ನ ಬಜಾರಿ ಅನ್ಕೋಬಾರದು ಅಂತ.

ಭಯಸ್ಥ, ದಡ್ಡ, ಬಾಯಿಗೆ ಬಂದಿದ್ದು ಅಂದ ಅಂತ ಆಗಲೂ ಒಂದು ಮನಸ್ಸು ಹೇಳ್ತಿತ್ತು. ಮುಂದಿನ ವರ್ಷ ಆ ಮನಸ್ಸಿಗೂ ಮಣ್ಣು ಬಿತ್ತು. ಗುರುಸಿದ್ದಪ್ಪ ಕಲ್ಕತ್ತಾಕ್ಕೆ ಹೋದ, ರಾಜ್ಯದ ಟೀಮಿನಲ್ಲಿ. ಯಾರ ಜೋಡಿ ಗೊತ್ತಾ? ಅದೇ ಕರ್ನಲ್ ಜೋಡಿ! ಪ್ರಾಮಾಣಿಕವಾಗಿ ತಪ್ಪು ಒಪ್ಕೊಂಡ ಮನುಷ್ಯ ಅಂತ ಕರ್ನಲ್ಲಿಗೆ ಬಲು ಮೆಚ್ಚುಗೆಯಂತೆ. ನಾನು ಕೂರಬೇಕಿದ್ದ ಕುರ್ಚಿಯಲ್ಲಿ ಕರ್ನಲ್ ಕೂತ, ಅವನ ಎದುರಿಗೆ ಇವನು. ಪೇಪರಿನಲ್ಲಿ ಫೋಟೋ ಬಂತು. ಆಪಾ ಆ ಪೇಪರನ್ನ ನನಗೆ ಸಿಗದ ಹಾಗೆ ಮಡಚಿ ಒಲೆಗೆ ಹಾಕಿದ್ರು. ನಾನಾಗಲೇ ಕಾಲೇಜಿನಲ್ಲಿ ನೋಡಿದ್ದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ.

ಆಟ ಬಿಡಲಿಲ್ಲ ನಾನು. ಯಾಕೆ ಬಿಡಬೇಕು? ಮೂರು ವರ್ಷ ಸಾಹೇಬರ ಮನೆ ಮೇಜಿನ ಮೇಲೆ ಆಡಿದೆ. ಆಮೇಲೆ ಹೊರಗೆ ಬಂದೆ. ಎಂಬತ್ತರ ದಶಕದಲ್ಲಿ ಎರಡು ಸಲ ರಾಜ್ಯದ ಮಹಿಳಾ ಟೀಮಿಗೆ ಆಡಿದೆ, ಒಂದು ಸಲ ಕಪ್ಪೂ ತಂದೆ. ಆದ್ರೆ ಎಲ್ಲಿಗೆ ಹೋದ್ರೂ ಎದುರಾಳಿಗಳು ತಮ್ಮ ಎಲೆ ನೋಡೋ ಬದಲು ನನ್ನ ಕೈ ನೋಡೋರು. ನಾನು ಸೆರಗು ಸರಿ ಮಾಡ್ಕೊಂಡ್ರೆ ಸಾಕು, ದುರುಗುಟ್ಟಿ ನೋಡೋರು. ಸೆಕೆಯಲ್ಲಿ ಬೆವರು ಒರೆಸ್ಕೊಳ್ಳೋಕೂ ಹೆದರಿಕೊಂಡು ಬೊಂಬೆ ಹಂಗೆ ಕೂತು ಆಡಿದವಳು ನಾನು. ಒಳ್ಳೆ ಎಲೆ ಹಾಕಿದಾಗ ಯಾರೂ ಶಭಾಷ್ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

ಎಂಬತ್ತೊಂಬತ್ತರಲ್ಲಿ ಗುರುಸಿದ್ದಪ್ಪ ತೀರಿಕೊಂಡ ಸುದ್ದಿ ಬಂತು. ಎದೆನೋವಂತೆ, ಮಂಡಿಯಲ್ಲೇ. ಸಾಹೇಬರು ಆ ಹೊತ್ತಿಗೆ ಹಾಸಿಗೆ ಹಿಡಿದಿದ್ರು. "ಹೋಗಿ ಬಾ ಬೇಟಿ, ಸತ್ತೋರ ಮೇಲೆ ಹಗೆ ಬೇಡ" ಅಂದ್ರು. ನಾನು ಹೊರಟಿದ್ದು ಹಗೆ ಬಿಡೋಕೇನೂ ಅಲ್ಲ. ನನಗೊಂದು ಆಸೆ. ಮನುಷ್ಯ ಹೊರಗೆ ಹೇಳದಿದ್ರೂ ಮನೆಯೋರ ಹತ್ರ ಒಂದಲ್ಲ ಒಂದು ದಿನ ನಿಜ ಹೇಳಿರ್ತಾನೆ. ಪಾಪ ಆ ಮೇಡಂದು ಏನೂ ತಪ್ಪಿರಲಿಲ್ಲ ಅಂತ ಹೆಂಡತಿಗೋ ಮಗನಿಗೋ ಅಂದಿರ್ತಾನೆ. ಹಾಗಂತ ಒಬ್ಬರ ಬಾಯಲ್ಲಿ ಕೇಳಿದ್ರೆ ಸಾಕಾಗಿತ್ತು ನನಗೆ.

ಶಿವಗಣಾರಾಧನೆ ದಿನ ಹೋದೆ. ಮನೆ ತುಂಬ ಜನ. ಊಟದ ಪಂಕ್ತಿ ನಡೀತಿತ್ತು. ಗುರುಸಿದ್ದಪ್ಪನ ಹೆಂಡತಿ ಕೈ ಹಿಡ್ಕೊಂಡು ಅತ್ತರು, ನಾನೂ ಸಮಾಧಾನ ಹೇಳಿದೆ. ಮಗ ಮಹೇಶ, ಆಗಿನ್ನೂ ಇಪ್ಪತ್ತೈದರ ಹುಡುಗ, ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದ. "ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು ಮೇಡಂ. ಅಪ್ಪಾಜಿ ನಿಮ್ ವಿಷಯ ಎಲ್ಲಾ ಹೇಳವ್ರೆ" ಅಂದ.

"ಏನ್ ಹೇಳವ್ರಪ್ಪ?"

"ಎಲ್ಲಾನೂ!" ಹುಡುಗನ ಕಣ್ಣು ಒದ್ದೆ, ಆದ್ರೆ ಮುಖದಲ್ಲಿ ಹೆಮ್ಮೆ. ಅಲ್ಲೇ ನಿಂತಿದ್ದ ನೆಂಟರ ಕಡೆ ತಿರುಗಿದ. "ಇವರೇ ಕಣ್ರೋ ಮೇಡಂ. ಅಪ್ಪಾಜಿನೂ ಇವರೂ ಸೇರ್ಕೊಂಡು ಬೆಂಗಳೂರಿನೋರಿಗೆ ಮಣ್ಣು ಮುಕ್ಕಿಸಿದ್ರಲ್ಲ, ಆ ಸನ್ನೆ ಎಲ್ಲ ಇವರದ್ದೇ ತಲೆ. ಎದೆ ಮುಟ್ಟಿದ್ರೆ ಒಂದು, ಬೆರಳು ಮಡಿಸಿದ್ರೆ ಒಂದು. ಲೆಕ್ಕದ ಮೇಷ್ಟ್ರಲ್ವಾ! ಮಾರ್ಕೋನಹಳ್ಳೀಲಿ ಕೂತು ಒಂದು ಮಳೆಗಾಲ ಪೂರ್ತಿ ಪ್ರಾಕ್ಟೀಸ್ ಮಾಡಿದ್ರಂತೆ. ಅಪ್ಪಾಜಿ ಪ್ರತಿ ಹಬ್ಬಕ್ಕೂ ಈ ಕತೆ ಹೇಳೋರು, ನಾವು ನಕ್ಕೂ ನಕ್ಕೂ ಸುಸ್ತಾಗ್ತಿದ್ವಿ."

ನೆಂಟರೆಲ್ಲ ನನ್ನನ್ನೇ ನೋಡ್ತಿದ್ರು, ಪ್ರೀತಿಯಿಂದ. ವಯಸ್ಸಾದವರೊಬ್ಬರು, "ಒಂದ್ಸಲ ತೋರಿಸ್ರವ್ವ, ನೋಡಾಣ" ಅಂದ್ರು.

ಸಾವಿನ ಮನೆ ಅಂತ ನೋಡಲಿಲ್ಲ ನಾನು. ಗಟ್ಟಿಯಾಗೇ ಹೇಳಿದೆ. "ಮಹೇಶ, ಸನ್ನೆ ಇರಲಿಲ್ಲ. ಯಾವತ್ತೂ ಇರಲಿಲ್ಲ. ನಿಮ್ಮಪ್ಪ ಸುಳ್ಳು ಹೇಳಿದಾರೆ. ನಾನು ಮೋಸ ಮಾಡಿಲ್ಲ ಕಣಪ್ಪ."

ಮಹೇಶ ಕಣ್ಣೊರೆಸ್ಕೊಂಡು, ತಾಯಿ ಕಡೆ ತಿರುಗಿ ನಕ್ಕುಬಿಟ್ಟ.

"ನೋಡ್ದೇನವ್ವ? ಅಪ್ಪಾಜಿ ಹೇಳ್ತಿರಲಿಲ್ವಾ, ಮೇಡಂ ಎಂಥಾ ಗಟ್ಟಿ ಆಸಾಮಿ ಅಂದ್ರೆ, ಸಾಯೋಗಂಟ ಒಪ್ಕೊಳಲ್ಲ ಅಂತ!"